ಯಾತ್ರೆಯ ವಾಹನದಲ್ಲಿ ತಂಪುಪೆಟ್ಟಿಗೆ: ಅನಿಲದಿಂದಲೋ, ವಿದ್ಯುತ್ತಿನಿಂದಲೋ?

ತಾಳಿಕೋಟೆ ಸೀಮೆಯ ಮನೆತನಗಳಿಗೆ ಯಾತ್ರೆಯೆಂಬುದು ಹೊಸದಲ್ಲ. ಯುಗಾದಿಯ ಮುನ್ನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರ ಜೊತೆಗೆ ಸಾಮಾನಿನ ವಾಹನ ಸಾಗುವುದು, ಕೂಡಲಸಂಗಮಕ್ಕೋ ಉಳವಿಗೋ ಬಂಡಿ ಕಟ್ಟಿಕೊಂಡು ಹೋಗುವುದು, ದಾರಿಯ ಮರದ ನೆರಳಿನಲ್ಲಿ ಒಲೆ ಹೂಡಿ ಹತ್ತು ಜನಕ್ಕೆ ನೀಡಿ ತಾವು ಉಣ್ಣುವುದು ಹಿರಿಯರ ಕಾಲದಿಂದ ನಡೆದುಬಂದ ಪದ್ಧತಿ. ಪದ್ಧತಿ ಹಾಗೆಯೇ ಉಳಿದು ಸಾಧನಗಳು ಮಾತ್ರ ಬದಲಾಗಿವೆ. ಬಂಡಿಯಿದ್ದಲ್ಲಿ ಟೆಂಪೋ ಟ್ರಾವೆಲರ್ ಬಂದಿದೆ, ಮೂರು ಕಲ್ಲಿನ ಒಲೆಯಿದ್ದಲ್ಲಿ ಅನಿಲದ ಸಿಲಿಂಡರ್ ಬಂದಿದೆ. ಇತ್ತೀಚಿನ ವರ್ಷಗಳಲ್ಲಿ ಹಾಸಿಗೆ, ಅಡುಗೆಕಟ್ಟೆ, ಶೌಚಾಲಯ, ತಂಪುಪೆಟ್ಟಿಗೆ ಎಲ್ಲವನ್ನೂ ಒಡಲಲ್ಲಿಟ್ಟುಕೊಂಡ ಕ್ಯಾರವಾನ್ ಎಂಬ ಮನೆವಾಹನಗಳೂ ಬೆಂಗಳೂರಿನಲ್ಲಿ ಬಾಡಿಗೆಗೆ ದೊರೆಯುತ್ತಿವೆ. ನೆರೆಯ ಕೇರಳ ಸರ್ಕಾರವಂತೂ ೨೦೨೧ರಲ್ಲಿ ಇಂಥ ವಾಹನಗಳ ಪ್ರವಾಸಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು.

ವೃದ್ಧ ತಂದೆತಾಯಿಗಳನ್ನು ಕರೆದುಕೊಂಡು ಹತ್ತು ಹದಿನೈದು ದಿನ ತಿರುಗುವ ಕುಟುಂಬಕ್ಕೆ ಇಂಥ ವಾಹನ ನಿಜವಾದ ಅನುಕೂಲ. ಅದರಲ್ಲೂ ಎಲ್ಲರೂ ಮೊದಲು ವಿಚಾರಿಸುವುದು ತಂಪುಪೆಟ್ಟಿಗೆಯನ್ನು, ಅಂದರೆ ನಾವೆಲ್ಲ ಫ್ರಿಜ್ ಎಂದೇ ಕರೆಯುವ ವಸ್ತುವನ್ನು. ಕೂಸಿಗೆ ಹಾಲು ಕೆಡಬಾರದು, ಹಿರಿಯರ ಇನ್ಸುಲಿನ್ ಹಾಳಾಗಬಾರದು, ಮೊಸರು ಹುಳಿಯಾಗಬಾರದು ಎಂಬುದು ಗೃಹಿಣಿಯರ ಚಿಂತೆ. ವಿಜಯಪುರ ಜಿಲ್ಲೆಯ ಬೇಸಿಗೆಯಲ್ಲಿ ಉಷ್ಣಾಂಶ ೪೦ ಡಿಗ್ರಿ ದಾಟುವುದು ಸಾಮಾನ್ಯವಾದ್ದರಿಂದ ಈ ಚಿಂತೆಯನ್ನು ವಿಲಾಸವೆಂದು ತಳ್ಳಿಹಾಕುವಂತಿಲ್ಲ. ಆದರೆ ಮನೆಯ ಫ್ರಿಜ್ ಗೋಡೆಯ ಪ್ಲಗ್ಗಿಗೆ ಸೇರಿಕೊಂಡು ಹತ್ತು ವರ್ಷ ಒಂದೇ ಸ್ಥಳದಲ್ಲಿ ನಿಲ್ಲುತ್ತದೆ. ವಾಹನದ ಫ್ರಿಜ್ ಒಂದೇ ದಿನದಲ್ಲಿ ಬ್ಯಾಟರಿ, ಅನಿಲ, ಊರಿನ ವಿದ್ಯುತ್ತು ಎಂಬ ಮೂರು ಮೂಲಗಳಿಂದ ನಡೆಯಬೇಕಾಗಬಹುದು. ಯಾವ ಹೊತ್ತಿಗೆ ಯಾವುದು ಎಂಬುದನ್ನು ಅರಿಯದಿದ್ದರೆ ಅದೇ ಪೆಟ್ಟಿಗೆ ಪ್ರಾಣಕ್ಕೆ ಎರವಾದೀತು. ವಾಹನ ಓಡುತ್ತಿರುವಾಗ ಬ್ಯಾಟರಿ, ಊರಿನ ವಿದ್ಯುತ್ತು ಸರಿಯಾಗಿ ದೊರೆತಲ್ಲಿ ವಿದ್ಯುತ್ತು, ಬಯಲಿನಲ್ಲಿ ಸಮತಟ್ಟಾಗಿ ನಿಂತಾಗ ಮಾತ್ರ ಅನಿಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇವೆ. ಕಾರಣಗಳನ್ನು ಮುಂದೆ ವಿವರಿಸುತ್ತೇವೆ, ಏಕೆಂದರೆ ಕಾರಣ ತಿಳಿಯದ ನಿಯಮವನ್ನು ದಾರಿಯ ದಣಿವಿನಲ್ಲಿ ಯಾರೂ ಪಾಲಿಸುವುದಿಲ್ಲ.

ಮೂರು ದುರಂತಗಳು

೨೦೨೩ರ ಆಗಸ್ಟ್ ೨೬ರ ಬೆಳಗಿನ ಜಾವ ಮದುರೆ ನಿಲ್ದಾಣದ ಬಳಿ ನಿಂತಿದ್ದ ಯಾತ್ರಾರ್ಥಿಗಳ ರೈಲು ಬೋಗಿಯೊಂದಕ್ಕೆ ಬೆಂಕಿ ಬಿತ್ತು. ಲಖನೌದಿಂದ ದಕ್ಷಿಣದ ಕ್ಷೇತ್ರಗಳ ದರ್ಶನಕ್ಕೆ ಬಂದಿದ್ದ ಭಕ್ತರು ಅವರು. ನಿಯಮವನ್ನು ಮೀರಿ ಬೋಗಿಯೊಳಗೆ ಒಯ್ದಿದ್ದ ಅನಿಲದ ಸಿಲಿಂಡರಿನಲ್ಲಿ ಬೆಳಗಿನ ಚಹಾ ಕಾಯಿಸಲು ಹೋದದ್ದೇ ಕಾರಣವೆಂದು ರೈಲ್ವೆ ಇಲಾಖೆ ತಿಳಿಸಿತು. ಒಂಬತ್ತು ಜನ ಅಸುನೀಗಿದರು. ರೈಲಿನಲ್ಲಿ ಇಂಥ ಅಪಾಯದ ವಸ್ತುವನ್ನು ಒಯ್ಯುವುದು ೧೯೮೯ರ ರೈಲ್ವೆ ಕಾಯಿದೆಯ ೧೬೪ನೆಯ ಕಲಮಿನ ಪ್ರಕಾರ ಮೂರು ವರ್ಷಗಳವರೆಗಿನ ಸೆರೆವಾಸಕ್ಕೆ ಅರ್ಹವಾದ ಅಪರಾಧ.

ಎರಡನೆಯದು ೨೦೨೦ರ ಜನವರಿಯಲ್ಲಿ ನೇಪಾಳದ ದಮನ್ ಎಂಬ ಗಿರಿಧಾಮದಲ್ಲಿ ನಡೆದದ್ದು. ಕೇರಳದಿಂದ ಪ್ರವಾಸಕ್ಕೆ ಹೋಗಿದ್ದ ಎಂಟು ಜನ, ಅವರಲ್ಲಿ ನಾಲ್ವರು ಮಕ್ಕಳು, ಚಳಿಗೆ ಕಿಟಕಿ ಬಾಗಿಲು ಭದ್ರಪಡಿಸಿ ಅನಿಲದ ಹೀಟರ್ ಉರಿಸಿಕೊಂಡು ಒಂದೇ ಕೋಣೆಯಲ್ಲಿ ಮಲಗಿದರು. ಬೆಳಗ್ಗೆ ಯಾರೂ ಏಳಲಿಲ್ಲ. ಬೆಂಕಿಯೂ ಹೊತ್ತಿರಲಿಲ್ಲ, ಸ್ಫೋಟವೂ ಆಗಿರಲಿಲ್ಲ.

ಮೂರನೆಯದು ನಮ್ಮ ವಿಷಯಕ್ಕೆ ಅತ್ಯಂತ ಸಮೀಪದ್ದು. ೨೦೨೪ರ ಡಿಸೆಂಬರಿನಲ್ಲಿ ಕೇರಳದ ಕೋಳಿಕ್ಕೋಡ್ ಜಿಲ್ಲೆಯ ವಡಕರದಲ್ಲಿ ರಸ್ತೆಯ ಬದಿಗೆ ನಿಂತಿದ್ದ ಕ್ಯಾರವಾನ್ ಒಂದರಲ್ಲಿ ಇಬ್ಬರು ಮೃತರಾಗಿ ಕಂಡುಬಂದರು. ರಾತ್ರಿ ಹವಾನಿಯಂತ್ರಣ ನಡೆಯಲೆಂದು ವಾಹನದ ಜನರೇಟರನ್ನು ಚಾಲೂ ಇಟ್ಟು ವಿಶ್ರಮಿಸಿದ್ದರು. ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ವಾಹನದ ತಳದ ರಂಧ್ರದ ಮೂಲಕ ಒಳಸೇರಿದ್ದು ತಜ್ಞರ ಪರೀಕ್ಷೆಯಿಂದ ತಿಳಿದುಬಂತು.

ಈ ಮೂರರಲ್ಲಿ ಒಂದೂ ಫ್ರಿಜ್ಜಿನಿಂದ ಆದದ್ದಲ್ಲ ಎಂದು ಓದುಗರು ಕೇಳಬಹುದು. ನಿಜ. ಆದರೆ ಅನಿಲದ ಸೋರಿಕೆ, ಮುಚ್ಚಿದ ಕೋಣೆಯಲ್ಲಿ ಉರಿಯುವ ಜ್ವಾಲೆ, ವಿದ್ಯುತ್ತಿಗಾಗಿ ನಡೆಸಿದ ಯಂತ್ರದ ಹೊಗೆ ಎಂಬ ಈ ಮೂರು ಅಪಾಯಗಳೂ ವಾಹನದ ಫ್ರಿಜ್ಜಿನ ಬೆನ್ನಿಗೆ ಅಂಟಿಕೊಂಡೇ ಬರುತ್ತವೆ. ಒಲೆಯನ್ನು ನಾವು ಕಣ್ಣೆದುರು ಹಚ್ಚಿ ಕಣ್ಣೆದುರೇ ಆರಿಸುತ್ತೇವೆ. ಫ್ರಿಜ್ಜಿನ ಜ್ವಾಲೆಯಾದರೋ ಕಣ್ಣಿಗೆ ಕಾಣದೆ, ನಾವು ನಿದ್ರಿಸುವಾಗಲೂ ಉರಿಯುತ್ತಿರುತ್ತದೆ.

ಬೆಂಕಿಯಿಂದ ತಂಪು ಹೇಗೆ?

ಉರಿಯಿಂದ ತಂಪು ಹುಟ್ಟುವುದೆಂದರೆ ಅನೇಕರಿಗೆ ವಿಚಿತ್ರವಾಗಿ ತೋರುತ್ತದೆ. ಮನೆಯ ಫ್ರಿಜ್ಜಿನಲ್ಲಿ ಕಂಪ್ರೆಸರ್ ಎಂಬ ಮೋಟಾರು ಅನಿಲವನ್ನು ಒತ್ತಿ ದ್ರವವಾಗಿಸುತ್ತದೆ. ಅದರ ಗುಂಯ್‌ಗುಡುವ ಸದ್ದು ಎಲ್ಲರಿಗೂ ಪರಿಚಿತ. ಮನೆವಾಹನಗಳಿಗೆಂದು ವಿದೇಶಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಇನ್ನೊಂದು ಬಗೆಯ ಫ್ರಿಜ್ಜಿನಲ್ಲಿ ಮೋಟಾರೇ ಇಲ್ಲ. ಸ್ವೀಡನ್ ದೇಶದ ರಾಜಧಾನಿ ಸ್ಟಾಕ್‌ಹೋಮಿನಲ್ಲಿ ಇನ್ನೂ ವಿದ್ಯಾರ್ಥಿಗಳಾಗಿದ್ದ ಬಾಲ್ಟ್‌ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟೆರ್ಸ್ ಎಂಬ ಇಬ್ಬರು ತರುಣರು ೧೯೨೨ರಲ್ಲಿ ಇದನ್ನು ರೂಪಿಸಿದರು. ೧೯೨೫ರಿಂದ ಎಲೆಕ್ಟ್ರೋಲಕ್ಸ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ವಿದ್ಯುತ್ತು ಕಾಣದ ಊರುಗಳ ಆಸ್ಪತ್ರೆಗಳಲ್ಲಿ ಲಸಿಕೆಗಳನ್ನು ಕಾಪಾಡಿದ ಸೀಮೆಎಣ್ಣೆಯ ಫ್ರಿಜ್ಜುಗಳು ಇದೇ ತತ್ವದವು. ಮಹಾವಿಜ್ಞಾನಿ ಐನ್‌ಸ್ಟೈನ್ ಕೂಡ ಲಿಯೋ ಜಿಲಾರ್ಡ್ ಎಂಬ ಮಿತ್ರರೊಡನೆ ಮೋಟಾರಿಲ್ಲದ ಫ್ರಿಜ್ಜೊಂದನ್ನು ರೂಪಿಸಿ ೧೯೩೦ರಲ್ಲಿ ಅಮೆರಿಕದ ಪೇಟೆಂಟ್ ಪಡೆದಿದ್ದರೆಂಬುದು ಇಲ್ಲಿ ಸ್ವಾರಸ್ಯದ ಸಂಗತಿ.

ಅದರ ಒಳಗೆ ನೀರು, ಅಮೋನಿಯ ಮತ್ತು ಜಲಜನಕ ಇವುಗಳನ್ನು ಮುಚ್ಚಿದ ಕೊಳವೆಗಳಲ್ಲಿ ಶಾಶ್ವತವಾಗಿ ತುಂಬಿರುತ್ತಾರೆ. ಕೆಳಗಿನ ಪುಟ್ಟ ಕುದಿಗೊಳವೆಗೆ ಶಾಖ ಕೊಟ್ಟಾಗ ಅಮೋನಿಯ ನೀರಿನಿಂದ ಬಿಡಿಸಿಕೊಂಡು ಮೇಲೇರುತ್ತದೆ. ಮೇಲೆ ಗಾಳಿಗೆ ತಣಿದು ದ್ರವವಾಗುತ್ತದೆ. ಆ ದ್ರವ ಪೆಟ್ಟಿಗೆಯ ಒಳಭಾಗದ ಕೊಳವೆಗಿಳಿದು ಜಲಜನಕದ ಸಂಗಡ ಸೇರಿದಾಗ ತಾನೇ ಆವಿಯಾಗತೊಡಗುತ್ತದೆ. ಹಾಗೆ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ಮೈಯಿಂದ ನೀರು ಆವಿಯಾಗಿ ಒಳಗಿನ ನೀರು ತಣ್ಣಗಾಗುವುದು ಇದೇ ನ್ಯಾಯದಿಂದ. ಬಳಿಕ ಅಮೋನಿಯವನ್ನು ನೀರು ಪುನಃ ಹೀರಿಕೊಂಡು ಕೆಳಕ್ಕೆ ತರುತ್ತದೆ. ಶಾಖ ಎಲ್ಲಿಂದ ಬಂದರೂ ಈ ಚಕ್ರಕ್ಕೆ ಸಮ್ಮತವೇ. ಅನಿಲದ ಜ್ವಾಲೆಯಾಗಲಿ, ೨೩೦ ವೋಲ್ಟಿನ ಊರ ವಿದ್ಯುತ್ತಾಗಲಿ, ೧೨ ವೋಲ್ಟಿನ ಬ್ಯಾಟರಿಯಾಗಲಿ ಶಾಖವೊಂದಿದ್ದರೆ ಸಾಕು. ಇದನ್ನು ಮೂರು ದಾರಿಯ ಫ್ರಿಜ್ ಎನ್ನುವುದು ಅದಕ್ಕಾಗಿಯೇ.

ಸದ್ದಿಲ್ಲದ ಈ ಯಂತ್ರಕ್ಕೆ ಎರಡು ದೌರ್ಬಲ್ಯಗಳಿವೆ. ಒಂದು, ಅದು ನಿಧಾನ. ಬಿಸಿಯಾಗಿರುವ ಪೆಟ್ಟಿಗೆ ಚೆನ್ನಾಗಿ ತಣಿಯಲು ಆರೆಂಟು ತಾಸು, ಕೆಲವೊಮ್ಮೆ ಇಡೀ ರಾತ್ರಿ ಬೇಕು. ಆದಕಾರಣ ಹೊರಡುವ ಹಿಂದಿನ ಸಂಜೆಯೇ ಮನೆಯಂಗಳದಲ್ಲಿ ವಿದ್ಯುತ್ತಿಗೆ ಹಚ್ಚಿ, ಒಳಗಿಡುವ ಪದಾರ್ಥಗಳನ್ನೂ ಮನೆಯ ಫ್ರಿಜ್ಜಿನಲ್ಲಿ ಮೊದಲೇ ತಣಿಸಿ ಇಡಬೇಕು. ಇನ್ನೊಂದು, ಅದು ಸಮತಟ್ಟಾಗಿ ನಿಲ್ಲಬೇಕು. ಒಳಗಿನ ದ್ರವ ಯಾವ ಪಂಪಿನ ಬಲವೂ ಇಲ್ಲದೆ ತನ್ನ ಭಾರದಿಂದಲೇ ಇಳಿದುಬರುತ್ತದೆ. ವಾಹನ ಬಹಳ ವಾಲಿ ನಿಂತರೆ ದ್ರವ ಅಲ್ಲಲ್ಲೇ ನಿಂತು ಕುದಿಗೊಳವೆ ಒಣಗಿ ಅತಿಯಾಗಿ ಕಾಯುತ್ತದೆ. ಹೀಗೆ ಪದೇ ಪದೇ ಆದರೆ ಕೊಳವೆ ಹಾಳಾಗಿ ಬಿರುಕು ಬಿಡಬಹುದು. ಅಮೆರಿಕದಲ್ಲಿ ಇಂಥ ಬಿರುಕುಗಳಿಂದ ಬೆಂಕಿ ಹತ್ತಿದ ಪ್ರಕರಣಗಳು ನಡೆದು ತಯಾರಕರು ಸಹಸ್ರಾರು ಫ್ರಿಜ್ಜುಗಳನ್ನು ದುರಸ್ತಿಗೆ ಮರಳಿ ಕರೆಸಿಕೊಂಡದ್ದುಂಟು. ವಾಹನ ಓಡುವಾಗ ಕುಲುಕಾಟದಿಂದ ದ್ರವ ಚಲಿಸುತ್ತಲೇ ಇರುವುದರಿಂದ ಈ ತೊಂದರೆ ಕಡಿಮೆ. ನಿಂತಾಗಲೇ ಎಚ್ಚರ ಬೇಕು.

ನಮ್ಮ ಭಾಗದ ಎರೆಭೂಮಿಯಲ್ಲಿ ಈ ಮಾತಿಗೆ ಹೆಚ್ಚಿನ ಮಹತ್ವವಿದೆ. ಸಂಜೆ ನೆಟ್ಟಗೆ ನಿಂತಂತೆ ಕಂಡ ವಾಹನ ಒಂದು ಮಳೆ ಬಿದ್ದರೆ ಬೆಳಗಾಗುವುದರೊಳಗೆ ಒಂದು ಗಾಲಿಯ ಕಡೆಗೆ ಕುಸಿದಿರುತ್ತದೆ. ಗೌಂಡಿಗಳು ಬಳಸುವ ರಸಮಟ್ಟವೊಂದನ್ನು ಫ್ರಿಜ್ಜಿನೊಳಗೆ ಇಟ್ಟು ನೋಡಿದರೆ ಕ್ಷಣದಲ್ಲಿ ತಿಳಿಯುತ್ತದೆ. ಅದಿಲ್ಲದಿದ್ದರೆ ಅಗಲವಾದ ತಾಟಿನಲ್ಲಿ ನೀರು ಹಾಕಿಟ್ಟರೂ ಆಯಿತು. ತಗ್ಗಾದ ಗಾಲಿಯ ಕೆಳಗೆ ದಪ್ಪ ಮರದ ಹಲಗೆ ಕೊಟ್ಟು ಸರಿಪಡಿಸಬೇಕು. ನಮ್ಮ ಕಡೆ ಕೈಗೆಟಕುವ ಪರಸಿ ಕಲ್ಲನ್ನು ಇಡುವವರುಂಟು. ತೂಕಕ್ಕೆ ಅದು ಒಡೆದು ವಾಹನ ಜಾರುವ ಭಯವಿರುವುದರಿಂದ ನಾವು ಅದನ್ನು ಒಪ್ಪುವುದಿಲ್ಲ.

ಫ್ರಿಜ್ಜಿನ ಹಿಂದೆ ಮೂಗು ಕಟ್ಟುವಂಥ ಅಮೋನಿಯದ ಘಾಟು ಬಂದರೆ, ಕೊಳವೆಗಳ ಮೇಲೆ ಹಳದಿಯ ಕಲೆ ಕಂಡರೆ ಒಳಗಿನ ದ್ರವ ಸೋರುತ್ತಿದೆಯೆಂದು ತಿಳಿದು ಆ ಕ್ಷಣವೇ ಆರಿಸಿ, ಬಾಗಿಲು ತೆರೆದು, ಎಲ್ಲರೂ ಹೊರಬರಬೇಕು. ಅದನ್ನು ದಾರಿಯಲ್ಲಿ ಸರಿಪಡಿಸುವ ಸಾಹಸ ಸಲ್ಲದು.

ಅನಿಲದ ಮೇಲೆ ನಡೆಸುವಾಗ

ಅಡುಗೆ ಅನಿಲವು ಪ್ರೊಪೇನ್ ಮತ್ತು ಬ್ಯುಟೇನ್ ಎಂಬೆರಡು ಅನಿಲಗಳ ಮಿಶ್ರಣ. ಇದು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಮೇಲೇರಿ ಹೋಗದೆ ನೀರಿನಂತೆ ಕೆಳಗಿಳಿದು ನೆಲದ ಮೇಲೆ ಹರಡುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡರಷ್ಟು ಪ್ರಮಾಣ ಸೇರಿದರೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಸ್ವತಃ ವಾಸನೆಯಿಲ್ಲದ ಈ ಅನಿಲಕ್ಕೆ ಮರ್ಕಾಪ್ಟನ್ ಎಂಬ ದುರ್ವಾಸನೆಯ ದ್ರವ್ಯವನ್ನು ಬೆರೆಸುವುದು ಸೋರಿಕೆ ತಿಳಿಯಲೆಂದೇ. ಮನೆಯ ಅಡುಗೆಕೋಣೆಗಿಂತ ವಾಹನದ ಒಳಗಿನ ಅವಕಾಶ ಅತಿ ಚಿಕ್ಕದು, ಆದ್ದರಿಂದ ಸ್ವಲ್ಪ ಸೋರಿದರೂ ಅಪಾಯದ ಮಟ್ಟ ಬೇಗ ಮುಟ್ಟುತ್ತದೆ.

ಸಿಲಿಂಡರು ಎಂದೆಂದಿಗೂ ನೆಟ್ಟಗೆ ನಿಂತಿರಬೇಕು. ಅಡ್ಡ ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಒಂದು ಲೀಟರು ದ್ರವ ಸುಮಾರು ೨೫೦ ಲೀಟರು ಅನಿಲವಾಗುತ್ತದೆಂಬುದನ್ನು ನೆನೆದರೆ ಅದರ ಪರಿಣಾಮವನ್ನು ಊಹಿಸಬಹುದು. ಸಿಲಿಂಡರಿಗೆ ಪ್ರತ್ಯೇಕ ಕಪಾಟಿರಬೇಕು. ಆ ಕಪಾಟು ವಾಹನದ ಒಳಭಾಗಕ್ಕೆ ಸಂಪೂರ್ಣ ಮುಚ್ಚಿದ್ದು, ಹೊರಗಿನಿಂದ ಬಾಗಿಲುಳ್ಳದ್ದಾಗಿ, ತಳದಲ್ಲಿ ಹೊರಕ್ಕೆ ತೆರೆದ ಕಿಂಡಿಯನ್ನು ಹೊಂದಿರಬೇಕು. ಸೋರಿದ ಅನಿಲ ಆ ಕಿಂಡಿಯಿಂದ ರಸ್ತೆಗೆ ಇಳಿದುಹೋಗುತ್ತದೆ. ಸೀಟಿನ ಕೆಳಗೆ ಹಾಸಿಗೆಯ ಸುರುಳಿಗಳ ನಡುವೆ ಸಿಲಿಂಡರು ತುರುಕಿಕೊಂಡು ಹೋಗುವುದನ್ನು ಜಾತ್ರೆಯ ದಿನಗಳಲ್ಲಿ ಪ್ರತಿವರ್ಷ ಕಾಣುತ್ತೇವೆ. ಇದನ್ನು ಎಷ್ಟು ಖಂಡಿಸಿದರೂ ಕಡಿಮೆಯೇ.

ಮನೆಯ ಒಲೆಯ ರೆಗ್ಯುಲೇಟರು ಚದರ ಸೆಂಟಿಮೀಟರಿಗೆ ಸುಮಾರು ೩೦ ಗ್ರಾಂ ಒತ್ತಡದಲ್ಲಿ ಅನಿಲವನ್ನು ಬಿಡುತ್ತದೆ. ಫ್ರಿಜ್ಜಿನ ಫಲಕದ ಮೇಲೆ ಅದಕ್ಕೆ ಬೇಕಾದ ಒತ್ತಡವನ್ನು ನಮೂದಿಸಿರುತ್ತಾರೆ. ಎರಡೂ ಹೊಂದಬೇಕು. ದಾಸೋಹದ ದೊಡ್ಡ ಒಲೆಗಳಿಗೆ ಬಳಸುವ ಹೆಚ್ಚು ಒತ್ತಡದ ರೆಗ್ಯುಲೇಟರನ್ನು ಅದಕ್ಕೆ ಎಂದೂ ಜೋಡಿಸಬಾರದು. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಮೇಲೆ ಒಂದು ಅಕ್ಷರ, ಎರಡು ಅಂಕಿ ಇರುವುದನ್ನು ಎಲ್ಲರೂ ನೋಡಿರುತ್ತೀರಿ. ಎ, ಬಿ, ಸಿ, ಡಿ ಎಂಬುವು ವರ್ಷದ ನಾಲ್ಕು ತ್ರೈಮಾಸಿಕಗಳು, ಅಂಕಿ ವರ್ಷ. ಆ ಅವಧಿಯೊಳಗೆ ಸಿಲಿಂಡರು ಪುನಃ ಪರೀಕ್ಷೆಗೆ ಒಳಗಾಗಬೇಕೆಂದು ಅದರ ಅರ್ಥ. ಅವಧಿ ಮೀರಿದ್ದನ್ನು ಸ್ವೀಕರಿಸಬೇಡಿ. ರಬ್ಬರಿನ ನಳಿಕೆಯನ್ನೂ ಐದು ವರ್ಷಕ್ಕೊಮ್ಮೆ ಬದಲಿಸುವುದು ವಾಡಿಕೆ, ಆದರೆ ಕುಲುಕಾಡುವ ವಾಹನದಲ್ಲಿ ಅದಕ್ಕೂ ಮೊದಲೇ ನೋಡಿಕೊಳ್ಳಬೇಕು. ಹೊರಡುವ ಮುನ್ನ ಪ್ರತಿಯೊಂದು ಜೋಡಣೆಗೂ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುವುದೋ ನೋಡಬೇಕು. ಕಡ್ಡಿ ಗೀರಿ ಪರೀಕ್ಷಿಸುವವರು ಇನ್ನೂ ಇದ್ದಾರೆಂದು ಕೇಳಿ ನಮಗೆ ಆಶ್ಚರ್ಯವಾಗುತ್ತದೆ.

ವಾಹನ ಹೊರಡುವ ಮುನ್ನ ಸಿಲಿಂಡರಿನ ಕೀಲಿಯನ್ನೇ ಮುಚ್ಚಬೇಕು. ಫ್ರಿಜ್ಜಿನ ಗುಂಡಿ ತಿರುವಿದರೆ ಸಾಲದು. ಓಡುವ ವಾಹನದಲ್ಲಿ ಜ್ವಾಲೆ ಗಾಳಿಗೆ ಆರುತ್ತದೆ, ಅಪಘಾತವಾದರೆ ಮುರಿದ ನಳಿಕೆಯಿಂದ ಅನಿಲ ಹೊರನುಗ್ಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಪೆಟ್ರೋಲ್ ಬಂಕಿನಲ್ಲಿ ವಾಹನದ ಮೈಯೊಳಗೆ ಜ್ವಾಲೆಯೊಂದು ಉರಿಯುತ್ತಿರುವುದು ಎಂಥ ಭಯಂಕರವೆಂದು ಬಿಡಿಸಿ ಹೇಳಬೇಕಿಲ್ಲ. ಈಚಿನ ಕೆಲವು ಫ್ರಿಜ್ಜುಗಳು ಇಂಜಿನ್ ನಿಂತೊಡನೆ ತಾವೇ ಅನಿಲಕ್ಕೆ ಬದಲಾಗುತ್ತವೆ. ಬಂಕಿನಲ್ಲಿ ಹೊತ್ತಿಕೊಳ್ಳದಿರಲೆಂದು ಸ್ವಲ್ಪ ಹೊತ್ತು ತಡೆದು ಬದಲಾಗುವಂತೆ ತಯಾರಕರು ಏರ್ಪಾಟು ಮಾಡಿರುತ್ತಾರೆ. ಆ ಏರ್ಪಾಟನ್ನು ನಂಬಿ ಕುಳಿತುಕೊಳ್ಳದೆ ಬಂಕು ಸಮೀಪಿಸುವ ಮುನ್ನ ಕೈಯಿಂದಲೇ ಆರಿಸುವುದು ಕ್ಷೇಮ.

ಜ್ವಾಲೆ ಆರಿದರೆ ಅನಿಲವನ್ನು ತಾನಾಗಿ ತಡೆಯುವ ಕೀಲಿ ಫ್ರಿಜ್ಜಿನಲ್ಲಿ ಇರಲೇಬೇಕು. ಪುನಃ ಹಚ್ಚುವ ಮೊದಲು ಐದು ನಿಮಿಷ ತಡೆಯಬೇಕು. ಜ್ವಾಲೆ ನೀಲಿಯಾಗಿ ಸ್ಥಿರವಾಗಿರಬೇಕು. ಹಳದಿಯಾಗಿ ಓಲಾಡುತ್ತಿದ್ದರೆ, ಕಾಡಿಗೆ ಕಟ್ಟಿದ್ದರೆ ಉರಿ ಅಪೂರ್ಣವಾಗಿದೆಯೆಂದೂ, ವಿಷಾನಿಲ ಹುಟ್ಟುತ್ತಿದೆಯೆಂದೂ ತಿಳಿಯಬೇಕು. ವರ್ಷದ ಬಹುಭಾಗ ನಿಂತೇ ಇರುವ ವಾಹನಗಳ ಬರ್ನರಿನಲ್ಲಿ, ಹೊಗೆಕೊಳವೆಯಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜಗಳು ಬೀಡುಬಿಡುತ್ತವೆ. ಯಾತ್ರೆಗೆ ಮುನ್ನ ಬಲ್ಲವರಿಂದ ಸ್ವಚ್ಛಗೊಳಿಸದಿದ್ದರೆ ಆ ಪುಟ್ಟ ಗೂಡೇ ಹಳದಿ ಜ್ವಾಲೆಗೆ ಕಾರಣವಾದೀತು.

ಈ ವಿಷಾನಿಲ ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರಿಸುವುದಿಲ್ಲ. ರಕ್ತದ ಕೆಂಪುಕಣಗಳಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಬಲದಿಂದ ಅಂಟಿಕೊಂಡು ದೇಹಕ್ಕೆ ಉಸಿರು ತಲುಪದಂತೆ ಮಾಡುತ್ತದೆ. ತಲೆನೋವು, ತಲೆಸುತ್ತು, ಓಕರಿಕೆ, ತೂಕಡಿಕೆ ಇವು ಲಕ್ಷಣಗಳು. ಪ್ರಯಾಣದ ಆಯಾಸವೆಂದೇ ಭಾವಿಸಿ ಮಲಗಿಬಿಡುತ್ತಾರೆ. ಮನೆಮಂದಿಗೆಲ್ಲ ಒಮ್ಮೆಗೇ ತಲೆನೋವು ಬಂದರೆ ಅದು ಆಯಾಸವಲ್ಲ, ಕೂಡಲೇ ಎಲ್ಲರನ್ನೂ ಹೊರಗಿನ ಗಾಳಿಗೆ ತನ್ನಿ.

ಆದ್ದರಿಂದ ಫ್ರಿಜ್ಜಿನ ಹಿಂಭಾಗದ ಕೋಣೆ ಮಲಗುವ ಭಾಗದಿಂದ ಪೂರ್ಣವಾಗಿ ಬೇರ್ಪಟ್ಟಿರಬೇಕು. ಕೆಳಗೊಂದು ಮೇಲೊಂದು ಜಾಲರಿಗಳ ಮೂಲಕ ಅದು ಹೊರಗಿನ ಗಾಳಿಯನ್ನೇ ಉಸಿರಾಡಿ ಹೊರಕ್ಕೇ ಬಿಡಬೇಕು. ಧೂಳು ಬರುತ್ತದೆಂದೋ ಮಳೆ ಸಿಡಿಯುತ್ತದೆಂದೋ ಜಾಲರಿಗೆ ಬಟ್ಟೆ ತುರುಕುವುದು ಪ್ರಾಣಾಂತಿಕ ತಪ್ಪು. ಕಾರ್ಬನ್ ಮಾನಾಕ್ಸೈಡನ್ನು ಗುರುತಿಸಿ ಕೂಗುವ ಯಂತ್ರವನ್ನು ಮಲಗುವವರ ತಲೆಯ ಎತ್ತರದಲ್ಲಿ, ಅಡುಗೆ ಅನಿಲವನ್ನು ಗುರುತಿಸುವ ಯಂತ್ರವನ್ನು ನೆಲದ ಸಮೀಪದಲ್ಲಿ ಅಳವಡಿಸಿರಿ. ಅದಲು ಬದಲಾದರೆ ಉಪಯೋಗವಿಲ್ಲ. ಅನಿಲದ ವಾಸನೆ ಬಂದಾಗ ದೀಪದ ಗುಂಡಿಯನ್ನು ಒತ್ತಲೂಬೇಡಿ, ಆರಿಸಲೂಬೇಡಿ. ಎರಡರಲ್ಲೂ ಕಿಡಿಯಿದೆ. ಬಾಗಿಲುಗಳನ್ನು ತೆರೆದು, ಎಲ್ಲರೂ ಇಳಿದು, ಹೊರಗಿನಿಂದ ಸಿಲಿಂಡರಿನ ಕೀಲಿ ಮುಚ್ಚಿ, ದೂರ ನಿಂತ ಮೇಲೆ ೧೯೦೬ ಎಂಬ ಅನಿಲ ತುರ್ತು ಸೇವೆಯ ಸಂಖ್ಯೆಗೆ ದೂರವಾಣಿ ಮಾಡಬೇಕು.

ಇಷ್ಟೆಲ್ಲ ಓದಿ ಅನಿಲವೇ ಬೇಡವೆನ್ನುವವರಿಗೆ ಒಂದು ಮಾತು: ಅದು ಮಿತವ್ಯಯಿ. ನೂರು ಲೀಟರಿನ ಆಸುಪಾಸಿನ ಫ್ರಿಜ್ ದಿನಕ್ಕೆ ಸುಮಾರು ೩೦೦ ಗ್ರಾಂ ಅನಿಲ ಬಳಸುತ್ತದೆ. ಐದು ಕಿಲೋದ ಸಣ್ಣ ಸಿಲಿಂಡರು ಅದೊಂದಕ್ಕೇ ಆದರೆ ಎರಡು ವಾರ ಬಂದೀತು. ನಲ್ಲಮಲದಂಥ ಅರಣ್ಯಗಳಲ್ಲಿ ಮಾತ್ರ ಬೆಂಕಿಯ ಬಗ್ಗೆ ಅರಣ್ಯ ಇಲಾಖೆಯ ಆಜ್ಞೆಯೇ ಕೊನೆಯ ಮಾತು. ಜ್ವಾಲೆ ಪೆಟ್ಟಿಗೆಯೊಳಗಿದೆಯೆಂದು ವಾದಿಸಬಾರದು. ಒಣಗಿದ ಹುಲ್ಲಿನ ಮೇಲೆ ಬಿಸಿ ಹೊಗೆಕೊಳವೆ ಬಾಗುವಂತೆ ವಾಹನ ನಿಲ್ಲಿಸಲೂಬಾರದು.

ವಿದ್ಯುತ್ತಿನ ಮೇಲೆ ನಡೆಸುವಾಗ

ಬ್ಯಾಟರಿಯ ಲೆಕ್ಕ ಸರಳ. ಮೂರು ದಾರಿಯ ಸಣ್ಣ ಫ್ರಿಜ್ ೧೨೦ ವಾಟ್ ಎಳೆದರೆ ೧೨ ವೋಲ್ಟಿಗೆ ೧೦ ಆಂಪಿಯರ್ ಆಯಿತು. ೧೦೦ ಆಂಪಿಯರ್-ತಾಸಿನ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದೆಂದರೆ ಐದೇ ತಾಸು. ಇಂಜಿನ್ ಓಡುವಾಗ ಆಲ್ಟರ್ನೇಟರ್ ತುಂಬಿಕೊಡುತ್ತದೆ, ಚಿಂತೆಯಿಲ್ಲ. ಇಂಜಿನ್ ನಿಲ್ಲಿಸಿ ದರ್ಶನಕ್ಕೆ ಹೋಗಿ ಪ್ರಸಾದ ಸ್ವೀಕರಿಸಿ ಬರುವಷ್ಟರಲ್ಲಿ ವಾಹನವೇ ಚಾಲೂ ಆಗದ ಸ್ಥಿತಿ ಬರುತ್ತದೆ. ಇಂಜಿನ್ ನಿಂತಾಗ ಈ ಜೋಡಣೆ ತಾನಾಗಿ ಕಡಿದುಹೋಗುವಂತೆ ರಿಲೇ ಹಾಕಿಸಬೇಕು. ತಂತಿ ದಪ್ಪನಾಗಿದ್ದು, ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಬೇಕು. ತೆಳು ತಂತಿಯಲ್ಲಿ ಹತ್ತು ಆಂಪಿಯರ್ ತಾಸುಗಟ್ಟಲೆ ಹರಿದರೆ ತಂತಿಯೇ ಒಲೆಯಾಗುತ್ತದೆ.

ಮಠದ ಆವರಣದಲ್ಲೋ ಕಲ್ಯಾಣಮಂಟಪದಲ್ಲೋ ಬಂಧುಗಳ ಅಂಗಳದಲ್ಲೋ ತಂಗಿದಾಗ ಊರಿನ ವಿದ್ಯುತ್ತು ಎಲ್ಲಕ್ಕಿಂತ ಉತ್ತಮ. ಆದರೆ ಟೈರುಗಳ ಮೇಲೆ ನಿಂತ ವಾಹನದ ಮೈಗೆ ಭೂಮಿಯ ಸಂಪರ್ಕವಿರುವುದಿಲ್ಲ. ಒಳಗಿನ ಯಾವುದೋ ತಂತಿ ಸುಲಿದು ತಗಡಿಗೆ ತಗುಲಿದರೆ ಇಡೀ ವಾಹನವೇ ಕರೆಂಟಿನ ಮೈಯಾಗುತ್ತದೆ. ಒಳಗಿದ್ದವರಿಗೆ ಏನೂ ತೋರುವುದಿಲ್ಲ. ಸ್ನಾನ ಮಾಡಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿಕೆ ಮುಟ್ಟಿದ ತಾಯಿಗೆ ಆಘಾತವಾಗುತ್ತದೆ. ಆದ್ದರಿಂದ ಮೂರು ಕಡ್ಡಿಯ ಪ್ಲಗ್ಗು, ಸರಿಯಾದ ಅರ್ಥಿಂಗ್, ೩೦ ಮಿಲಿ ಆಂಪಿಯರ್ ಸೋರಿಕೆಗೇ ಕಡಿದುಹೋಗುವ ಸುರಕ್ಷಾ ಸ್ವಿಚ್ಚು ಇವು ಮೂರೂ ಇಲ್ಲದೆ ಸಂಪರ್ಕ ಪಡೆಯಲೇಬಾರದು. ಉದ್ದನೆಯ ವಾಯರನ್ನು ಸುರುಳಿಯಲ್ಲೇ ಬಿಟ್ಟು ಬಳಸಿದರೆ ಅದು ಒಳಗೊಳಗೇ ಕಾದು ಕರಗುತ್ತದೆ, ಪೂರ್ತಿ ಬಿಚ್ಚಿ ಹಾಸಬೇಕು. ಜಾತ್ರೆಯ ಗದ್ದಲದಲ್ಲಿ ಕಂಬದ ತಂತಿಗೆ ಕೊಂಡಿ ಹಾಕುವುದು ಕಳ್ಳತನವೂ ಹೌದು, ಮೃತ್ಯುವಿಗೆ ಆಹ್ವಾನವೂ ಹೌದು. ಹೆಸ್ಕಾಂ ಕಚೇರಿಯಲ್ಲಿ ಕೇಳಿದರೆ ತಾತ್ಕಾಲಿಕ ಸಂಪರ್ಕ ಪಡೆಯಲು ಮಾರ್ಗವಿದೆ.

ನಮ್ಮ ಹಳ್ಳಿಗಳಲ್ಲಿ ವೋಲ್ಟೇಜ್ ಇಳಿಯುವುದು ಪರಿಚಿತ ಕಷ್ಟ. ೨೩೦ ಇರಬೇಕಾದಲ್ಲಿ ೧೮೦ ಬಂದರೆ ಮೂರು ದಾರಿಯ ಫ್ರಿಜ್ಜಿನ ಶಾಖ ನೂರಕ್ಕೆ ಅರುವತ್ತೊಂದಕ್ಕೆ ಇಳಿಯುತ್ತದೆ. ಅದು ಕೆಡುವುದಿಲ್ಲ, ತಂಪು ಮಾತ್ರ ಸಾಲುವುದಿಲ್ಲ. ಕಂಪ್ರೆಸರ್ ಇರುವ ಮನೆಯ ಫ್ರಿಜ್ಜನ್ನೇ ವಾಹನದಲ್ಲಿಟ್ಟಿದ್ದರೆ ಮೋಟಾರು ಸುಡುವ ಸಂಭವವಿದೆ, ಸ್ಟೆಬಿಲೈಜರ್ ಅಗತ್ಯ.

ವಿದ್ಯುತ್ತು ಇಲ್ಲವೆಂದು ಜನರೇಟರ್ ಹಚ್ಚುವವರು ವಡಕರದ ಪ್ರಕರಣವನ್ನು ಮರೆಯಬಾರದು. ಅದನ್ನು ವಾಹನದಿಂದ ಕನಿಷ್ಠ ಇಪ್ಪತ್ತು ಅಡಿ ದೂರ, ಗಾಳಿ ಬೀಸುವ ದಿಕ್ಕು ನೋಡಿ, ಪಕ್ಕದ ಗುಡಾರಗಳಿಗೂ ಹೊಗೆ ತಾಗದಂತೆ ಇರಿಸಬೇಕು. ವಾಹನದಲ್ಲೇ ಅಳವಡಿಸಿದ ಜನರೇಟರನ್ನು ಒಳಗೆ ಜನ ನಿದ್ರಿಸುವಾಗ ನಡೆಸಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ತಾಳಿಕೋಟೆ, ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಕುಟುಂಬವೊಂದು ಈಗ ಹೊಸದಾಗಿ ವಾಹನ ಸಿದ್ಧಪಡಿಸುವುದಾದರೆ ಯಾವುದನ್ನು ಆರಿಸಬೇಕು? ನಾವು ಹೇಳುವುದು ೧೨ ಅಥವಾ ೨೪ ವೋಲ್ಟಿನ ಕಂಪ್ರೆಸರ್ ಫ್ರಿಜ್ಜನ್ನು. ಚಾಲೂ ಇರುವಾಗ ೪೦ರಿಂದ ೬೦ ವಾಟ್ ಮಾತ್ರ ಎಳೆದು, ತಣಿದ ಮೇಲೆ ತಾನೇ ನಿಲ್ಲುತ್ತದೆ. ಸ್ವಲ್ಪ ವಾಲಿದರೂ ನಡೆಯುತ್ತದೆ. ಜ್ವಾಲೆಯಿಲ್ಲ, ಹೊಗೆಯಿಲ್ಲ. ನಮ್ಮ ಜಿಲ್ಲೆಯ ಬಿಸಿಲಿಗೆ ವಾಹನದ ಮಾಡಿನ ಮೇಲಿನ ಸೌರಫಲಕ ಅದನ್ನು ಚೆನ್ನಾಗಿ ನಡೆಸಬಲ್ಲದು. ಮೂರು ದಾರಿಯ ಫ್ರಿಜ್ಜು ನಮ್ಮ ವೈಶಾಖದ ಬಿಸಿಲಿನಲ್ಲಿ ಏದುಸಿರು ಬಿಡುತ್ತದೆ. ಜಾಲರಿಯಿರುವ ಮಗ್ಗುಲನ್ನು ನೆರಳಿಗೆ ತಿರುಗಿಸಿ ನಿಲ್ಲಿಸಿದರೂ ೪೨ ಡಿಗ್ರಿಯಲ್ಲಿ ಅದರಿಂದ ಪೂರ್ಣ ತಂಪನ್ನು ನಿರೀಕ್ಷಿಸಲಾಗದು. ಹಿಮಾಲಯದಲ್ಲಿ ಅದಕ್ಕೆ ತದ್ವಿರುದ್ಧ ಕಷ್ಟ. ಕೇದಾರ ಬದರಿಯ ದಾರಿಯ ಎತ್ತರದಲ್ಲಿ ಗಾಳಿ ವಿರಳವಾಗಿ ಜ್ವಾಲೆ ಸೊರಗುತ್ತದೆ. ಬ್ಯುಟೇನ್ ಸೊನ್ನೆ ಡಿಗ್ರಿಯ ಸಮೀಪದಲ್ಲಿ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಹಾಗೆಂದು ಸಿಲಿಂಡರಿಗೆ ಬಿಸಿನೀರು ಸುರಿಯುವ, ಒಲೆಯ ಪಕ್ಕದಲ್ಲಿಡುವ ಹುಚ್ಚುತನ ಬೇಡ. ಅಷ್ಟು ಚಳಿಯಲ್ಲಿ ಫ್ರಿಜ್ಜಿನ ಅಗತ್ಯವಾದರೂ ಏನು? ವಾಹನದಲ್ಲಿ ಇಂಥ ಬದಲಾವಣೆ ಮಾಡಿಸುವಾಗ ಮೋಟಾರು ವಾಹನ ಕಾಯಿದೆಯ ೫೨ನೆ ಕಲಮಿನ ಪ್ರಕಾರ ಪ್ರಾದೇಶಿಕ ಸಾರಿಗೆ ಕಚೇರಿಯ ಒಪ್ಪಿಗೆ ಪಡೆಯುವುದನ್ನು ಮರೆಯಬಾರದು. ಒಪ್ಪಿಗೆಯಿಲ್ಲದ ಬದಲಾವಣೆಯಿಂದ ವಿಮೆಯ ಪರಿಹಾರಕ್ಕೂ ಅಡ್ಡಿ ಬರುವುದು.

ಒಳಗೆ ಇಡಬೇಕಾದದ್ದೇನು?

ಇನ್ಸುಲಿನ್ನಿಗೆ ೨ರಿಂದ ೮ ಡಿಗ್ರಿ ಬೇಕು. ಮಂಜುಗಡ್ಡೆಯ ಅಟ್ಟಕ್ಕೆ ತಾಗಿಸಿಟ್ಟು ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಅದನ್ನು ಬಳಸಬಾರದು. ಒಳಗೊಂದು ಸಣ್ಣ ಉಷ್ಣಮಾಪಕವಿದ್ದರೆ ಎಲ್ಲ ಸಂಶಯ ತೀರುತ್ತದೆ. ಈಗ ಬಳಸುತ್ತಿರುವ ಸೀಸೆ ೩೦ ಡಿಗ್ರಿಯೊಳಗೆ ಸಾಮಾನ್ಯವಾಗಿ ನಾಲ್ಕು ವಾರ ಬಾಳುತ್ತದೆ. ಅದರ ಚೀಟಿಯಲ್ಲಿ ಬರೆದಿರುವುದನ್ನು ನೋಡಿ, ವೈದ್ಯರನ್ನೂ ಕೇಳಿಕೊಳ್ಳಿ. ಫ್ರಿಜ್ ಕೈಕೊಟ್ಟರೆ ಒದ್ದೆ ಅರಿವೆ ಸುತ್ತಿದ ಮಣ್ಣಿನ ಗಡಿಗೆಯೊಳಗೆ ಒಣ ಡಬ್ಬಿಯಲ್ಲಿ ಇಟ್ಟು ಒಂದೆರಡು ದಿನ ಕಾಪಾಡಬಹುದು. ಬಿಸಿಲಿಗೆ ನಿಲ್ಲಿಸಿದ ವಾಹನದಲ್ಲಿ ಮಾತ್ರ ಬಿಟ್ಟುಹೋಗಬೇಡಿ.

ಉಳಿದಂತೆ ನಮ್ಮ ಪ್ರಾಂತದ ಬುತ್ತಿಗೆ ಫ್ರಿಜ್ಜಿನ ಹಂಗು ಬಹಳ ಕಡಿಮೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮಾದಲಿ ಇವು ಯಾವ ವಿದ್ಯುತ್ತೂ ಇಲ್ಲದೆ ವಾರಗಟ್ಟಲೆ ಬರುತ್ತವೆ. ಹಾಲು ಮೊಸರು ದಾರಿಯ ಊರುಗಳಲ್ಲಿ ದಿನವೂ ದೊರೆಯುತ್ತವೆ. ಉಳಿದ ಪಲ್ಯವನ್ನು ನಾಳೆಗೆಂದು ತುಂಬಿಡುವ ಚಟದಿಂದಲೇ ಫ್ರಿಜ್ಜು ಕಿಕ್ಕಿರಿದು, ಗಾಳಿ ಆಡದೆ, ಔಷಧಿಯ ಮೂಲೆ ಬಿಸಿಯಾಗುತ್ತದೆ. ಬಾಗಿಲನ್ನು ಪದೇ ಪದೇ ತೆರೆಯುವ ಮಕ್ಕಳಿಗೆ ಕುಡಿಯುವ ನೀರನ್ನು ಬೇರೆ ಗಡಿಗೆಯಲ್ಲಿಟ್ಟರೆ ಅರ್ಧ ಹೊರೆ ಇಳಿಯಿತು.

ಊರಿಗೆ ಮರಳಿದ ದಿನವೇ ಸಿಲಿಂಡರನ್ನು ಕಳಚಿ ವಾಹನದಿಂದ ಹೊರಗೆ ಗಾಳಿಯಾಡುವಲ್ಲಿ ನೆಟ್ಟಗೆ ನಿಲ್ಲಿಸಿರಿ. ಫ್ರಿಜ್ಜನ್ನು ಬರಿದು ಮಾಡಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒರೆಸಿ, ಬಾಗಿಲು ನಾಲ್ಕು ಬೆರಳಿನಷ್ಟು ತೆರೆದಿರುವಂತೆ ಕಟ್ಟಿಡಿರಿ. ಪೂರ್ತಿ ಮುಚ್ಚಿದರೆ ಒಳಗೆ ಬೂಸಲು ಕಟ್ಟುತ್ತದೆ. ಕಟ್ಟದೆ ತೆರೆದುಬಿಟ್ಟರೆ ಬೇಸಿಗೆಯ ರಜೆಯಲ್ಲಿ ಕಣ್ಣುಮುಚ್ಚಾಲೆ ಆಡುವ ಮಕ್ಕಳು ಒಳಸೇರಿ ಬಾಗಿಲು ಹಾಕಿಕೊಂಡಾರು. ವಾಹನದ ಬಾಗಿಲಿಗೂ ಬೀಗ ಹಾಕಿ ಕೀಲಿಕೈಯನ್ನು ಮನೆಯೊಳಗೆ ಎತ್ತರದ ಮೊಳೆಗೆ ತೂಗುಹಾಕಿರಿ.